ಮಾತು ಬಿಟ್ಟ ಅವಳಿಗಳು: ಜೂನ್ ಮತ್ತು ಜೆನಿಫರ್ ಗಿಬ್ಬನ್ಸ್ ಪ್ರಕರಣ

1982ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀ ಕ್ರೌನ್ ಕೋರ್ಟಿನಲ್ಲಿ 19 ವರ್ಷದ ಇಬ್ಬರು ತದ್ರೂಪಿ ಅವಳಿ ಸೋದರಿಯರ ವಿಚಾರಣೆ ನಡೆಯಿತು. ಇಬ್ಬರ ಮೇಲೂ ಜಂಟಿಯಾಗಿ 16 ಆರೋಪಗಳು: ಕಟ್ಟಡಗಳಿಗೆ ನುಗ್ಗಿದ್ದು, ಕಳ್ಳತನ, ಬೆಂಕಿ ಹಚ್ಚಿದ್ದು. ಕೊಲೆಯಾಗಲಿ ಕೊಲೆಯತ್ನವಾಗಲಿ ಆ ಪಟ್ಟಿಯಲ್ಲಿರಲಿಲ್ಲ. ಇಬ್ಬರೂ ತಪ್ಪೊಪ್ಪಿಕೊಂಡರು. ಕೋರ್ಟು ಅವರನ್ನು ಕಳಿಸಿದ್ದು ಇಂಗ್ಲೆಂಡಿನ ಬ್ರಾಡ್‌ಮೂರ್ ಎಂಬ ಅತಿ ಬಿಗಿ ಭದ್ರತೆಯ ಮಾನಸಿಕ ಆಸ್ಪತ್ರೆಗೆ. ಎಷ್ಟು ವರ್ಷಕ್ಕೆ ಎಂಬುದನ್ನು ಹೇಳಲಿಲ್ಲ. ಹೊರಗೆ ಬರಲು ಹೆಚ್ಚುಕಡಿಮೆ 11 ವರ್ಷ ಹಿಡಿಯಿತು. ಹೊರಬಂದ ದಿನವೇ ಒಬ್ಬಳು ಸತ್ತಳು.

ಜೂನ್ ಮತ್ತು ಜೆನಿಫರ್ ಗಿಬ್ಬನ್ಸ್ ಕಥೆಯನ್ನು ಸಾಮಾನ್ಯವಾಗಿ ಹೇಳುವ ಧಾಟಿ ನಿಮಗೂ ಗೊತ್ತಿರಬಹುದು. ಎರಡು ದೇಹ ಒಂದೇ ಆತ್ಮ, ತಮ್ಮದೇ ಗುಪ್ತ ಭಾಷೆ, ಒಬ್ಬಳು ಸತ್ತರೆ ಮಾತ್ರ ಇನ್ನೊಬ್ಬಳಿಗೆ ಬಿಡುಗಡೆ ಎಂಬ ಒಪ್ಪಂದ. ರಾತ್ರಿ ಹೊತ್ತು ಓದಲು ಮೈ ಜುಮ್ಮೆನ್ನಿಸುವ ಸರಕು. ಆದರೆ ಪ್ರಕರಣವನ್ನು ಮೊದಲಿನಿಂದ ಒಂದೊಂದೇ ಹೆಜ್ಜೆಯಾಗಿ ನೋಡುತ್ತ ಬಂದರೆ, ನಿಗೂಢ ಎನಿಸಿದ ಹೆಚ್ಚಿನ ಸಂಗತಿಗಳಿಗೆ ತೀರಾ ಸಾಧಾರಣ ಕಾರಣಗಳಿವೆ. ನಿಜಕ್ಕೂ ಅಸಾಧಾರಣವಾದದ್ದು ಆ ಹುಡುಗಿಯರ ಮೌನಕ್ಕೆ ಸುತ್ತಲಿನವರು ಕೊಟ್ಟ ಪ್ರತಿಕ್ರಿಯೆ. ಈ ಬರಹದ ನೋಟ ಅದರ ಮೇಲೆ.

ಹುಟ್ಟು, ಊರು, ಶಾಲೆ

ತಂದೆ ಆಬ್ರಿ, ತಾಯಿ ಗ್ಲೋರಿಯಾ. ಇಬ್ಬರೂ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಿಂದ ಬ್ರಿಟನ್ನಿಗೆ ಬಂದ ಪೀಳಿಗೆಯವರು. ಆಬ್ರಿ ಬ್ರಿಟಿಷ್ ವಾಯುಪಡೆಯಲ್ಲಿ ತಂತ್ರಜ್ಞ. ಅವರು ಇಂದಿನ ಯೆಮೆನ್ ದೇಶದ ಏಡನ್‌ನಲ್ಲಿ ಕೆಲಸದಲ್ಲಿದ್ದಾಗ, 1963ರ ಏಪ್ರಿಲ್ 11ರಂದು, ಅಲ್ಲಿನ ಮಿಲಿಟರಿ ಆಸ್ಪತ್ರೆಯಲ್ಲಿ ಅವಳಿಗಳು ಹುಟ್ಟಿದರು. ಮೊದಲು ಜೂನ್, ಹತ್ತು ನಿಮಿಷದ ನಂತರ ಜೆನಿಫರ್. ವಾಯುಪಡೆಯ ಮನೆಗಳೆಂದರೆ ಗಂಟುಮೂಟೆ ಬಿಚ್ಚುವಷ್ಟರಲ್ಲಿ ಮತ್ತೆ ಕಟ್ಟುವುದು. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಕಳೆದು, 1974ರಲ್ಲಿ ಕುಟುಂಬ ಪಶ್ಚಿಮ ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿತು.

ಇಬ್ಬರಿಗೂ ಮಾತು ತಡವಾಗಿ ಬಂದಿತ್ತು, ಉಚ್ಚಾರಣೆಯಲ್ಲೂ ತೊಡಕಿತ್ತು. ಅವಳಿಗಳಲ್ಲಿ ಇದು ಅಪರೂಪವೇನಲ್ಲ. ಒಂಟಿ ಮಗುವಿಗೆ ಮಾತಿಗೆ ಸಿಗುವುದು ದೊಡ್ಡವರು ಅಥವಾ ತನಗಿಂತ ಹೆಚ್ಚು ಮಾತು ಬಲ್ಲ ಅಣ್ಣ ಅಕ್ಕಂದಿರು. ಅವರು ತಪ್ಪು ತಿದ್ದುತ್ತಾರೆ, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿಸುತ್ತಾರೆ. ಅವಳಿ ಮಗುವಿಗೆ ದಿನವಿಡೀ ಸಿಗುವ ಜೊತೆ ತನ್ನಷ್ಟೇ ಮಾತು ಬಲ್ಲ ಇನ್ನೊಂದು ಮಗು. ಒಂದರ ತಪ್ಪು ಇನ್ನೊಂದಕ್ಕೆ ಚೆನ್ನಾಗಿಯೇ ಅರ್ಥವಾಗುತ್ತದೆ, ಹಾಗಾಗಿ ತಪ್ಪು ಅಲ್ಲೇ ಉಳಿಯುತ್ತದೆ. ಹೊರಗಿನವರು ಅದನ್ನು ಗುಪ್ತ ಭಾಷೆ ಎನ್ನುತ್ತಾರೆ. ಸಾಮಾನ್ಯವಾಗಿ ಶಾಲೆಗೆ ಸೇರಿ ಬೇರೆ ಮಕ್ಕಳ ಒಡನಾಟ ಸಿಕ್ಕಿದ ಮೇಲೆ ಅದು ತಾನಾಗಿ ಕರಗಿಹೋಗುತ್ತದೆ.

ಗಿಬ್ಬನ್ಸ್ ಸೋದರಿಯರಿಗೆ ಆ ಒಡನಾಟವೇ ಸಿಗಲಿಲ್ಲ. ಶಾಲೆಯಲ್ಲಿದ್ದ ಕಪ್ಪು ಮಕ್ಕಳೆಂದರೆ ಇವರೇ. ಗೇಲಿ, ತಳ್ಳಾಟ, ಬೈಗುಳ ದಿನನಿತ್ಯದ್ದಾಯಿತು. ಶಾಲೆ ಕಂಡುಕೊಂಡ ಪರಿಹಾರವೇನು ಗೊತ್ತೇ? ಉಳಿದ ಮಕ್ಕಳಿಗಿಂತ ಸ್ವಲ್ಪ ಮೊದಲೇ ಈ ಇಬ್ಬರನ್ನು ಮನೆಗೆ ಕಳಿಸುವುದು. ಹೊಡೆಯುವವರು ತರಗತಿಯಲ್ಲೇ ಉಳಿದರು, ಹೊಡೆಸಿಕೊಳ್ಳುವವರು ಮೊದಲು ಹೊರಗೆ ಹೋದರು. ಶಾಲೆ ಅದನ್ನು ದಯೆಯಿಂದಲೇ ಮಾಡಿರಬಹುದು; ಆದರೆ ಆ ಏರ್ಪಾಡು ಇಬ್ಬರು ಮಕ್ಕಳಿಗೆ ಹೇಳಿದ ಪಾಠ ಒಂದೇ, ನಿಮ್ಮಿಬ್ಬರಿಗೆ ನೀವಿಬ್ಬರೇ.

ಅವರ ಮಾತು ಹೊರಗಿನವರಿಗೆ ತಿಳಿಯದಂತಾಯಿತು. ಮನೆಯಲ್ಲಿ ಕೇಳಿ ಬೆಳೆದ ಬಾರ್ಬಡೋಸ್‌ನ ಆಡುನುಡಿಯನ್ನು ಇಂಗ್ಲಿಷಿನೊಂದಿಗೆ ಕಲಸಿ, ಉಸಿರು ಬಿಡದಷ್ಟು ವೇಗದಲ್ಲಿ ಆಡುತ್ತಿದ್ದರು. ಟೇಪಿನಲ್ಲಿ ಮುದ್ರಿಸಿ ನಿಧಾನವಾಗಿ ಓಡಿಸಿದಾಗ ಅರ್ಥವಾಗತೊಡಗಿತು. ಹಾಗೆಂದರೆ ಗುಪ್ತ ಭಾಷೆ ಎಂದು ಊರೆಲ್ಲ ಹೇಳುತ್ತಿದ್ದುದರಲ್ಲಿ ಅರ್ಧ ಪಾಲು ಬಾರ್ಬಡೋಸ್, ಇನ್ನರ್ಧ ವೇಗ. ಬಾರ್ಬಡೋಸ್‌ನವರು ಯಾರಾದರೂ ಆ ಕೋಣೆಯಲ್ಲಿ ಕೂತಿದ್ದರೆ ಎಷ್ಟು ತಿಳಿಯುತ್ತಿತ್ತೋ.

ಕ್ರಮೇಣ ಮನೆಯವರೊಂದಿಗೂ ಮಾತು ನಿಂತಿತು. ತಂಗಿ ರೋಸಿಯೊಂದಿಗೆ ಮಾತ್ರ ಒಂದಿಷ್ಟು ಉಳಿದುಕೊಂಡಿತ್ತು. ಬೀದಿಯಲ್ಲಿ ತಲೆ ತಗ್ಗಿಸಿ, ಒಬ್ಬಳ ಹಿಂದೆ ಒಬ್ಬಳು, ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯುತ್ತಿದ್ದರು. ಊರಿನವರ ನೆನಪಿನಲ್ಲಿ ಉಳಿದದ್ದು ಈ ಚಿತ್ರ.

ತಜ್ಞರ ಕೈಗೆ

1976ರಲ್ಲಿ ಶಾಲಾ ಮಕ್ಕಳಿಗೆ ಕ್ಷಯರೋಗದ ಲಸಿಕೆ ಹಾಕಲು ಜಾನ್ ರೀಸ್ ಎಂಬ ವೈದ್ಯಾಧಿಕಾರಿ ಬಂದಿದ್ದರು. ಸಾಲಿನಲ್ಲಿ ಬಂದ ಒಬ್ಬ ಹುಡುಗಿ ಸೂಜಿ ಚುಚ್ಚಿದರೂ ಅಲುಗಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಹಿಂದೆಯೇ ಬಂದ ಇನ್ನೊಬ್ಬಳೂ ಥೇಟ್ ಹಾಗೆಯೇ. ಅವರು ಶಾಲೆಯವರನ್ನು ವಿಚಾರಿಸಿದರು. ದೊಡ್ಡ ಸಮಸ್ಯೆಯೇನೂ ಅಲ್ಲ ಎಂಬಂಥ ಉತ್ತರ ಬಂತು. ರೀಸ್ ಅಷ್ಟಕ್ಕೆ ಬಿಡಲಿಲ್ಲ, ಮಕ್ಕಳ ಮನೋವೈದ್ಯ ಇವಾನ್ ಡೇವಿಸ್‌ಗೆ ವಿಷಯ ಮುಟ್ಟಿಸಿದರು. ಹುಡುಗಿಯರಿಗೆ ಆಗ 13 ವರ್ಷ. ವರ್ಷಗಟ್ಟಲೆ ತರಗತಿಯಲ್ಲಿ ಕಣ್ಣೆದುರೇ ಇದ್ದುದನ್ನು ಒಂದು ದಿನದ ಮಟ್ಟಿಗೆ ಬಂದವರು ಗುರುತಿಸಬೇಕಾಯಿತು.

1977ರ ಆರಂಭದಲ್ಲಿ ವಾಕ್ ಚಿಕಿತ್ಸಕಿ ಆನ್ ಟ್ರೆಹಾರ್ನ್ ಬಳಿಗೆ ಕಳಿಸಿದರು. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಎನಿಸುವ ಘಟನೆ ನಡೆದದ್ದು ಅವರ ಕೋಣೆಯಲ್ಲಿ. ಚಿಕಿತ್ಸಕಿ ಎದುರಿಗಿದ್ದರೆ ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಅವರು ಟೇಪ್ ರೆಕಾರ್ಡರ್ ಚಾಲೂ ಮಾಡಿ ಹೊರಗೆ ಹೋದರೆ, ಕೊಟ್ಟ ಪಾಠವನ್ನು ಓದಿ ಮುದ್ರಿಸುತ್ತಿದ್ದರು. ಬಾಯಿಗಾಗಲಿ ಬುದ್ಧಿಗಾಗಲಿ ಏನೂ ಆಗಿರಲಿಲ್ಲ. ಸಹಕರಿಸುವ ಮನಸ್ಸೂ ಇತ್ತು, ಇಲ್ಲದಿದ್ದರೆ ಖಾಲಿ ಕೋಣೆಯಲ್ಲಿ ಓದುವುದೇಕೆ? ಇನ್ನೊಬ್ಬರ ಎದುರು ಮಾತಾಡುವುದೊಂದೇ ಆಗದ ಕೆಲಸವಾಗಿತ್ತು. ಟ್ರೆಹಾರ್ನ್ ಇನ್ನೊಂದನ್ನೂ ಗಮನಿಸಿದರು. ಜೂನ್ ಮಾತಿಗೆ ಬಾಯಿ ತೆರೆಯುವಂತೆ ಕಂಡಾಗಲೆಲ್ಲ ಜೆನಿಫರ್ ಕಣ್ಣಿನಲ್ಲೇ ಅವಳನ್ನು ತಡೆಯುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿತು.

ಈ ಸ್ಥಿತಿ ವೈದ್ಯರಿಗೆ ಹೊಸದಲ್ಲ. ಜರ್ಮನ್ ವೈದ್ಯ ಅಡಾಲ್ಫ್ ಕುಸ್ಮೌಲ್ 1877ರಲ್ಲೇ ಇದನ್ನು ದಾಖಲಿಸಿದ್ದರು. 1980ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ ಇದನ್ನು ಮಗು ಮಾತಾಡಲು ‘ನಿರಾಕರಿಸುವ’ ಕಾಯಿಲೆ ಎಂದು ವಿವರಿಸಿತು. 1994ರ ಆವೃತ್ತಿಯಲ್ಲಿ ನಿರಾಕರಣೆ ಹೋಗಿ, ಕೆಲವು ಸನ್ನಿವೇಶಗಳಲ್ಲಿ ಮಾತಾಡಲು ಆಗದಿರುವುದು ಎಂದಾಯಿತು. 2013ರಲ್ಲಿ ಇದನ್ನು ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿದರು. ಈ ಬದಲಾವಣೆ ಕಾಗದದ ಮೇಲಿನದ್ದಷ್ಟೇ ಅಲ್ಲ. ಮಗು ಹಟ ಮಾಡುತ್ತಿದೆ ಎಂದುಕೊಂಡವರು ಹಟ ಮುರಿಯಲು ನೋಡುತ್ತಾರೆ. ಮಗು ಹೆದರಿದೆ ಎಂದುಕೊಂಡವರು ಹೆದರಿಕೆ ಇಳಿಸಲು ನೋಡುತ್ತಾರೆ: ಮೊದಲು ಖಾಲಿ ಕೋಣೆ, ಆಮೇಲೆ ಬಾಗಿಲಾಚೆ ಒಬ್ಬರು, ಆಮೇಲೆ ಕೋಣೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತ ಒಬ್ಬರು. ಇವತ್ತಿನ ಚಿಕಿತ್ಸೆ ಹೆಚ್ಚುಕಡಿಮೆ ಈ ದಾರಿಯದು. ಟ್ರೆಹಾರ್ನ್ ಅವರ ಟೇಪ್ ರೆಕಾರ್ಡರ್ ಆ ದಾರಿಯ ಮೊದಲ ಮೆಟ್ಟಿಲಾಗಬಹುದಿತ್ತು. ಆಗಿನ ತಿಳಿವಳಿಕೆ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1977ರವರನ್ನು 2013ರ ಕೈಪಿಡಿಯಿಂದ ಅಳೆಯುವುದು ನ್ಯಾಯವಲ್ಲ.

ಮುಂದೆ ಪೆಂಬ್ರೋಕ್‌ನ ಈಸ್ಟ್‌ಗೇಟ್ ಎಂಬ ವಿಶೇಷ ಶಿಕ್ಷಣ ಕೇಂದ್ರಕ್ಕೆ ಸೇರಿಸಿದರು. ಅಲ್ಲಿಯೂ ಮಾತಿಲ್ಲ. ಕೊನೆಗೆ ಇಬ್ಬರನ್ನೂ ಬೇರೆ ಮಾಡಿದರೆ ಇನ್ನೊಬ್ಬರೊಡನೆ ಮಾತಾಡಲೇಬೇಕಾಗುತ್ತದೆ ಎಂದು ಯೋಚಿಸಿ ಬೇರೆಬೇರೆ ಕಡೆ ಇರಿಸಿದರು. ಪರಿಣಾಮ ಉಲ್ಟಾ ಹೊಡೆಯಿತು. ಜೂನ್ ಹಾಸಿಗೆ ಬಿಟ್ಟು ಏಳಲಿಲ್ಲ. ಇಬ್ಬರು ಸೇರಿ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಬೇಕಾಯಿತು, ಮೈ ಮರಗಟ್ಟಿತ್ತು. ಪ್ರಯೋಗ ಕೈಬಿಟ್ಟು ಮತ್ತೆ ಒಟ್ಟುಗೂಡಿಸಿದರು. ಆತಂಕವೇ ಮೂಲ ಎಂದು ಒಪ್ಪಿದರೆ ಇದರಲ್ಲಿ ಅಚ್ಚರಿಯೇನಿದೆ? ಹೆದರಿದ ಮಗುವಿನ ಕೈಯಲ್ಲಿದ್ದ ಏಕೈಕ ಆಸರೆಯನ್ನೂ ಕಿತ್ತುಕೊಂಡರೆ ಮಾತು ಬರುತ್ತದೆಯೇ?

ಮುಚ್ಚಿದ ಬಾಗಿಲ ಹಿಂದೆ

16ಕ್ಕೆ ಶಾಲೆ ಮುಗಿಯಿತು. ಕೆಲಸವಿಲ್ಲ, ಕೈಗೆ ನಿರುದ್ಯೋಗ ಭತ್ಯೆ. ಇಬ್ಬರೂ ಮಲಗುವ ಕೋಣೆ ಸೇರಿಕೊಂಡರು. ತಾಯಿ ಊಟದ ತಟ್ಟೆ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಏನಾದರೂ ಬೇಕಾದರೆ ಬಾಗಿಲ ಸಂದಿಯಿಂದ ಚೀಟಿ ಬರುತ್ತಿತ್ತು. ಒಳಗೆ ಗೊಂಬೆಗಳ ದೊಡ್ಡ ಸಂಸಾರ. ಒಂದೊಂದು ಗೊಂಬೆಗೂ ಹೆಸರು, ಹುಟ್ಟು, ಕಾಯಿಲೆ, ಸಾವು.

1979ರ ಕ್ರಿಸ್‌ಮಸ್‌ಗೆ ತಾಯಿ ಇಬ್ಬರಿಗೂ ಬೀಗವಿರುವ ಕೆಂಪು ಡೈರಿ ಕೊಟ್ಟರು. ಅಲ್ಲಿಂದ ಬರವಣಿಗೆ ಶುರುವಾಗಿ ನಿಲ್ಲಲೇ ಇಲ್ಲ. ಅಂಚೆ ಮೂಲಕ ಸೃಜನಶೀಲ ಬರವಣಿಗೆಯ ಕೋರ್ಸಿಗೂ ಸೇರಿದರು. ಜೂನ್ ಬರೆದ ‘ದಿ ಪೆಪ್ಸಿ-ಕೋಲಾ ಅಡಿಕ್ಟ್’ ಕಾದಂಬರಿಯ ನಾಯಕ ಅಮೆರಿಕದ ಮಾಲಿಬುವಿನ ಹದಿಹರೆಯದ ಹುಡುಗ. ವೇಲ್ಸ್‌ನ ಒಂದು ಕೋಣೆ ಬಿಟ್ಟು ಹೊರಬರದ ಹುಡುಗಿ ಕಂಡಿರದ ಕಡಲತೀರದ ಬಗ್ಗೆ ಬರೆದಳು. ಇಬ್ಬರೂ ಭತ್ಯೆಯ ಹಣ ಕೂಡಿಸಿ, ಲೇಖಕರಿಂದಲೇ ದುಡ್ಡು ಪಡೆದು ಅಚ್ಚು ಹಾಕುವ ಪ್ರಕಾಶಕರಿಗೆ ಕೊಟ್ಟು ಅದನ್ನು ಪ್ರಕಟಿಸಿದರು. ಜೆನಿಫರ್ ಬರೆದ ಕಥೆಗಳಲ್ಲೊಂದು ಇನ್ನೂ ವಿಚಿತ್ರ: ಮಗುವನ್ನು ಉಳಿಸಲು ವೈದ್ಯನೊಬ್ಬ ಸಾಕುನಾಯಿಯ ಹೃದಯ ತೆಗೆದು ಮಗುವಿಗೆ ಜೋಡಿಸುತ್ತಾನೆ, ನಾಯಿಯ ಪ್ರಾಣ ಮಗುವಿನೊಳಗೆ ಬದುಕಿದ್ದು ಸೇಡು ತೀರಿಸಿಕೊಳ್ಳುತ್ತದೆ. ಒಂದು ಜೀವದೊಳಗೆ ಇನ್ನೊಂದು ಜೀವ ಸಿಕ್ಕಿಕೊಂಡಿರುವ ಕಥೆ ಅವಳ ಕೈಯಿಂದಲೇ ಬಂದದ್ದು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ.

ಡೈರಿಗಳನ್ನು ಓದಿದವರಿಗೆ ‘ಎರಡು ದೇಹ ಒಂದೇ ಆತ್ಮ’ ಎಂಬ ಮಾತು ಎಷ್ಟು ಟೊಳ್ಳು ಎಂದು ತಿಳಿಯುತ್ತದೆ. ಅವುಗಳಲ್ಲಿ ಪ್ರೀತಿಗಿಂತ ಹೆಚ್ಚಾಗಿ ಕಾಣುವುದು ಪರಸ್ಪರ ಕಾವಲು, ಹೊಟ್ಟೆಕಿಚ್ಚು, ಬಿಡಿಸಿಕೊಳ್ಳುವ ತವಕ, ಬಿಟ್ಟುಹೋದರೆ ಗತಿಯೇನೆಂಬ ದಿಗಿಲು. ಯಾರು ಮೊದಲು ಏಳಬೇಕು, ಯಾರು ಮೊದಲು ಉಸಿರಾಡಬೇಕು ಎಂಬಂಥ ನಿಯಮಗಳಿದ್ದವು. ಜಗಳ ಕೈಮೀರಿದಾಗ ಒಮ್ಮೆ ಜೆನಿಫರ್ ರೇಡಿಯೊ ವೈರಿನಿಂದ ಜೂನ್‌ಳ ಕತ್ತು ಬಿಗಿಯಲು ನೋಡಿದಳು. ಇನ್ನೊಮ್ಮೆ ಜೂನ್ ಜೆನಿಫರ್‌ಳನ್ನು ನೀರಿನಲ್ಲಿ ಮುಳುಗಿಸಲು ಯತ್ನಿಸಿದಳು. ತದ್ರೂಪಿ ಎಂದರೆ ವಂಶವಾಹಿ ಒಂದೇ ಎಂದಷ್ಟೇ. ಮನಸ್ಸು ಎರಡೇ ಇದ್ದವು, ಎರಡಕ್ಕೂ ಜಾಗ ಸಾಕಾಗುತ್ತಿರಲಿಲ್ಲ.

ಬರೆದದ್ದನ್ನು ಓದುವವರಿಲ್ಲ. ಪತ್ರಿಕೆಗಳು ಕಥೆಗಳನ್ನು ವಾಪಸು ಕಳಿಸಿದವು. 1981ರಲ್ಲಿ, 18ರ ವಯಸ್ಸಿನಲ್ಲಿ, ಇಬ್ಬರೂ ಕೋಣೆಯಿಂದ ಹೊರಬಿದ್ದರು. ಅಮೆರಿಕನ್ ಹುಡುಗರ ಸಹವಾಸ, ಕುಡಿತ, ಆಮೇಲೆ ಕೆಲವು ವಾರಗಳ ಕಾಲ ಕಿಟಕಿ ಒಡೆಯುವುದು, ಕದಿಯುವುದು, ಬೆಂಕಿ ಇಡುವುದು. ಟ್ರ್ಯಾಕ್ಟರ್ ಮಳಿಗೆಯೊಂದು ಸುಟ್ಟುಹೋಯಿತು. ಸಿಕ್ಕಿಬಿದ್ದು ಪಕಲ್‌ಚರ್ಚ್ ರಿಮಾಂಡ್ ಕೇಂದ್ರದಲ್ಲಿ ವಿಚಾರಣೆಗಾಗಿ ತಿಂಗಳುಗಟ್ಟಲೆ ಕಾದರು.

ಕಾಲಮಿತಿಯಿಲ್ಲದ ಆದೇಶ

ಬೆಂಕಿ ಹಚ್ಚುವುದು ಸಣ್ಣ ಅಪರಾಧವಲ್ಲ, ಅದನ್ನು ಹಗುರ ಮಾಡಿ ಹೇಳುವ ಉದ್ದೇಶವೂ ನನಗಿಲ್ಲ. ಪ್ರಶ್ನೆ ಇರುವುದು ಶಿಕ್ಷೆಯ ರೂಪದಲ್ಲಿ. 1959ರ ಬ್ರಿಟಿಷ್ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ‘ಸೈಕೋಪಥಿಕ್ ಡಿಸಾರ್ಡರ್’ (ಆಕ್ರಮಣಕಾರಿ ಅಥವಾ ತೀರಾ ಬೇಜವಾಬ್ದಾರಿ ನಡತೆಗೆ ಕಾರಣವಾಗುವ ಮಾನಸಿಕ ದೋಷ) ಎಂಬ ವರ್ಗವಿತ್ತು. ಆ ಹಣೆಪಟ್ಟಿ ಬಿದ್ದವರನ್ನು ಕೋರ್ಟು ಜೈಲಿನ ಬದಲು ಆಸ್ಪತ್ರೆಗೆ ಕಳಿಸಬಹುದಿತ್ತು, ಬಿಡುಗಡೆಗೆ ಕಾಲಮಿತಿ ಹಾಕದೆ ನಿರ್ಬಂಧವನ್ನೂ ಹೇರಬಹುದಿತ್ತು. ಅವಳಿಗಳಿಗೆ ಬಿದ್ದದ್ದು ಈ ಪಟ್ಟಿ. 2007ರ ತಿದ್ದುಪಡಿಯಲ್ಲಿ ಆ ವರ್ಗವನ್ನೇ ಕಾನೂನಿನಿಂದ ತೆಗೆದುಹಾಕಿದರು, ಅದು ಇವರಿಗೆ ಉಪಯೋಗಕ್ಕೆ ಬರುವ ಕಾಲ ಮೀರಿತ್ತು. ಜೈಲು ಶಿಕ್ಷೆಯಾಗಿದ್ದರೆ ದಿನ ಎಣಿಸಬಹುದಿತ್ತು. ಆಸ್ಪತ್ರೆ ಆದೇಶದಲ್ಲಿ ‘ಗುಣವಾಗಿದ್ದೇನೆ’ ಎಂದು ತೋರಿಸಿಕೊಡಬೇಕು. ತೋರಿಸುವುದು ಮಾತಿನ ಮೂಲಕ. ಮಾತಾಡಲಾಗದವರನ್ನು ಮಾತಾಡಿದರೆ ಮಾತ್ರ ಬಿಡುವ ಜಾಗಕ್ಕೆ ಹಾಕಿದಂತಾಯಿತು.

ಬ್ರಾಡ್‌ಮೂರ್ 1863ರಲ್ಲಿ ಶುರುವಾದದ್ದು, ಬರ್ಕ್‌ಶೈರ್‌ನ ಕ್ರೋಥಾರ್ನ್‌ನಲ್ಲಿದೆ. ಲಂಡನ್ನಿನ ಗ್ಯಾಂಗ್‌ಸ್ಟರ್ ರಾನಿ ಕ್ರೇ ಇದ್ದದ್ದು ಅಲ್ಲಿ. ಸರಣಿ ಹಂತಕ ಪೀಟರ್ ಸಟ್‌ಕ್ಲಿಫ್‌ನನ್ನು 1984ರಲ್ಲಿ ತಂದದ್ದೂ ಅಲ್ಲಿಗೇ. ಇಬ್ಬರು ಹುಡುಗಿಯರಿಗೂ ಭಾರೀ ಪ್ರಮಾಣದ ಆ್ಯಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಔಷಧ ಕೊಟ್ಟರು. ಗಮನ ನಿಲ್ಲದಂತಾಯಿತು, ಕಥೆ ಬರೆಯುವ ಹುರುಪು ಆರಿಹೋಯಿತು. ಡೈರಿ ಮಾತ್ರ ಮುಂದುವರಿಯಿತು. ಬೇರೆಬೇರೆ ಕೋಣೆಗಳಲ್ಲಿದ್ದಾಗಲೂ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಭಂಗಿಯಲ್ಲಿ ಮರಗಟ್ಟಿ ಕೂತಿರುತ್ತಿದ್ದರು ಎಂಬ ಕಥೆ ಇಲ್ಲಿಯದು. ಪ್ರತಿ ಬರಹದಲ್ಲೂ ಇದು ಬರುತ್ತದೆ. ಒಂದೇ ಬಗೆಯ ಕೋಣೆ, ಒಂದೇ ವೇಳಾಪಟ್ಟಿ, ಒಂದೇ ಔಷಧೋಪಚಾರ, 20 ವರ್ಷ ಒಬ್ಬರನ್ನೊಬ್ಬರು ನೋಡಿ ಕಲಿತ ಕೂರುವ ರೀತಿ. ಇಷ್ಟಿದ್ದ ಮೇಲೆ ಭಂಗಿ ಹೊಂದುವುದಕ್ಕೆ ಅತೀಂದ್ರಿಯ ಸಂಪರ್ಕ ಬೇಕಿಲ್ಲ. ಹೊಂದದ ದಿನಗಳನ್ನು ಲೆಕ್ಕ ಇಟ್ಟವರೂ ಯಾರೂ ಇದ್ದಂತಿಲ್ಲ.

ಬಿಡಿಸಿ ಎಂದು ಜೂನ್ ರಾಣಿಗೇ ಪತ್ರ ಬರೆದಳು. ದಾರಿ ತಪ್ಪಿದ ಹುಡುಗರಿಗೆ ಎರಡು ವರ್ಷ ಜೈಲಾಗುತ್ತದೆ, ಮಾತಾಡದ ಕಾರಣಕ್ಕೆ ನಮಗೆ 12 ವರ್ಷದ ನರಕವಾಯಿತು ಎಂದು ಮುಂದೆ ಸಂದರ್ಶನವೊಂದರಲ್ಲಿ ಹೇಳಿದರು. ಈ ಪ್ರಕರಣದ ಬಗ್ಗೆ ಬಂದಿರುವ ಎಷ್ಟೋ ವಿಶ್ಲೇಷಣೆಗಳಿಗಿಂತ ಅವರ ಈ ಲೆಕ್ಕ ನೇರವಾಗಿದೆ.

ಹೊರಗಿನಿಂದ ಕಿವಿಗೊಟ್ಟವರು ಸಂಡೇ ಟೈಮ್ಸ್ ಪತ್ರಕರ್ತೆ ಮಾರ್ಜರಿ ವ್ಯಾಲೆಸ್. ವಿಚಾರಣೆಗೆ ಮೊದಲೇ ಅವರು ಹ್ಯಾವರ್‌ಫರ್ಡ್‌ವೆಸ್ಟ್‌ನ ಮನೆಗೆ ಹೋದಾಗ ತಂದೆ ಆಬ್ರಿ ವ್ಯಾಲೆಸ್‌ರನ್ನು ಮೇಲಿನ ಕೋಣೆಗೆ ಕರೆದೊಯ್ದರು. ಅಲ್ಲಿ ಚೀಲಗಳಲ್ಲಿ ತುಂಬಿಟ್ಟ ಕಥೆ, ಕವಿತೆ, ಡೈರಿಗಳ ರಾಶಿ. ಅಕ್ಷರ ಎಷ್ಟು ಸಣ್ಣದೆಂದರೆ ಬಿಡಿಸಿ ಓದುವುದೇ ಒಂದು ಉದ್ಯೋಗ. ಮಾತಾಡದ ಹುಡುಗಿಯರನ್ನು ಕಾಣಲು ರಿಮಾಂಡ್ ಕೇಂದ್ರಕ್ಕೆ ಹೋದ ಅವರು ಮೊದಲು ಎತ್ತಿದ ವಿಷಯ ಅವರ ಬರಹ. ಆ ಬಾಗಿಲಿನಿಂದಲೇ ಮಾತು ಹೊರಬಂತು, ತಡೆತಡೆದು, ಆದರೂ ಬಂತು. ತಜ್ಞರು ಸೋತಲ್ಲಿ ಒಬ್ಬ ಓದುಗರು ಗೆದ್ದರು ಎಂದರೆ ಉತ್ಪ್ರೇಕ್ಷೆ ಎನಿಸಬಹುದು. ನಡೆದದ್ದು ಮಾತ್ರ ಅದೇ. ಬ್ರಾಡ್‌ಮೂರ್‌ಗೂ ವರ್ಷಗಟ್ಟಲೆ ಅವರು ಹೋಗಿಬರುತ್ತಿದ್ದರು, 1986ರಲ್ಲಿ ಪುಸ್ತಕವನ್ನೂ ತಂದರು.

1993ರ ಮಾರ್ಚ್ 9

ಕೊನೆಗೂ ಇಬ್ಬರನ್ನು ವೇಲ್ಸ್‌ನ ಬ್ರಿಜೆಂಡ್‌ನಲ್ಲಿದ್ದ, ಭದ್ರತೆ ಕಡಿಮೆಯ ಕ್ಯಾಸ್ವೆಲ್ ಕ್ಲಿನಿಕ್‌ಗೆ ವರ್ಗಾಯಿಸುವುದೆಂದಾಯಿತು. ಅದಕ್ಕೆ ಕೆಲವೇ ದಿನ ಮೊದಲು ವ್ಯಾಲೆಸ್ ಭೇಟಿಗೆ ಹೋಗಿದ್ದರು. ಚಹಾ ಕುಡಿಯುತ್ತ ಕೂತಿದ್ದಾಗ ಜೆನಿಫರ್, ನಾನು ಸಾಯುತ್ತೇನೆ, ನಾವು ಹಾಗೆಂದು ತೀರ್ಮಾನಿಸಿದ್ದೇವೆ ಎಂದಳು. ವರ್ಗಾವಣೆಯ ದಿನ ವಾಹನದಲ್ಲಿ ಜೆನಿಫರ್ ಜೂನ್‌ಗೆ ಒರಗಿಕೊಂಡಳು. ಬ್ರಿಜೆಂಡ್ ತಲುಪಿದಾಗ ಎಬ್ಬಿಸಿದರೆ ಏಳಲಿಲ್ಲ. ಅಂದು ಸಂಜೆ ಆಸ್ಪತ್ರೆಯಲ್ಲಿ ಸತ್ತಳು. ವಯಸ್ಸು 29. ಕಾರಣ ತೀವ್ರ ಮಯೋಕಾರ್ಡೈಟಿಸ್, ಹೃದಯದ ಸ್ನಾಯುವಿನ ಉರಿಯೂತ. ಮೈಯಲ್ಲಿ ವಿಷದ ಕುರುಹು ಸಿಗಲಿಲ್ಲ.

ಒಪ್ಪಂದದ ಕಥೆ ಇಲ್ಲಿಂದ ಬೆಳೆಯಿತು. ಆದರೆ ಮಯೋಕಾರ್ಡೈಟಿಸ್ ಮನಸ್ಸು ಮಾಡಿ ತರಿಸಿಕೊಳ್ಳುವ ಕಾಯಿಲೆಯಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ವೈರಸ್ ಸೋಂಕಿನ ಹಿಂದೆ ಬರುತ್ತದೆ. ಹರೆಯದವರಲ್ಲಿ ಹಠಾತ್ ಸಾವಿಗೆ ಅದು ಗೊತ್ತಿರುವ ಕಾರಣಗಳಲ್ಲೊಂದು. ಕೆಲವು ಆ್ಯಂಟಿಸೈಕೋಟಿಕ್ ಔಷಧಗಳಿಂದ ಅಪರೂಪಕ್ಕೆ ಬರುವುದೂ ಉಂಟು. ಇಲ್ಲಿ ಔಷಧವೇ ಕಾರಣವೆಂದು ಬೊಟ್ಟು ಮಾಡಲು ಆಧಾರವಿಲ್ಲ. ಆದರೆ ಹನ್ನೊಂದು ವರ್ಷ ಒಂದು ಸಂಸ್ಥೆಯ ವಶದಲ್ಲಿದ್ದು 29ಕ್ಕೆ ಸತ್ತವಳ ಬಗ್ಗೆ ಜನ ಕೇಳಬೇಕಾದ ಮೊದಲ ಪ್ರಶ್ನೆ ಅವಳ ಆರೋಗ್ಯ ತಪಾಸಣೆ ಹೇಗಿತ್ತು ಎಂಬುದು. ಕೇಳಿದ್ದು ಅವಳಿಗಳ ನಡುವೆ ಏನು ಗುಟ್ಟಿತ್ತು ಎಂದು. ಸಾವಿನ ಮುನ್ಸೂಚನೆಯ ಮಾತನ್ನೂ ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳಬಹುದು: ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಾದ ಹುಡುಗಿ, ಅದನ್ನು ತನಗೆ ತಿಳಿದ ಒಂದೇ ಭಾಷೆಯಲ್ಲಿ, ಇಬ್ಬರ ಕಥೆಯ ಭಾಷೆಯಲ್ಲಿ, ಹೇಳಿದ್ದಿರಬಹುದು. ಇದು ಊಹೆ, ಒಪ್ಪಂದದ ಮಾತಿನಷ್ಟೇ ಊಹೆ.

ಜೆನಿಫರ್ ಸತ್ತ ಮೇಲೆ ತನಗೆ ಬಿಡುಗಡೆಯಾಯಿತು, ಅವಳು ತನಗಾಗಿ ಜೀವ ಬಿಟ್ಟಳು ಎಂದು ಜೂನ್ ಹೇಳಿದ್ದು ನಿಜ. ದುಃಖದಲ್ಲಿರುವವರು ಸಾವಿಗೆ ಒಂದು ಅರ್ಥ ಹುಡುಕುವುದು ಸಹಜ. ಅದನ್ನೇ ರೋಗನಿರ್ಣಯವೆಂದು ತೆಗೆದುಕೊಳ್ಳುವುದರಲ್ಲಿ ತೊಡಕಿದೆ. ಅವಳಿ ಸತ್ತದ್ದರಿಂದಲೇ ಜೂನ್‌ಗೆ ಮಾತು ಬಂತು ಎನ್ನುವವರು ಎರಡು ಸಂಗತಿ ಮರೆಯುತ್ತಾರೆ. ಒಂದು, ಮಾರ್ಚ್ 9ರಂದು ಜೂನ್ ಕಳೆದುಕೊಂಡದ್ದು ಜೆನಿಫರ್‌ಳನ್ನು ಮಾತ್ರವಲ್ಲ, ಬ್ರಾಡ್‌ಮೂರನ್ನೂ. ಎರಡೂ ಒಂದೇ ದಿನ ಆದದ್ದರಿಂದ ಯಾವುದರ ಫಲ ಯಾವುದು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಎರಡು, ‘ನಾನು ಸಾಯುತ್ತೇನೆ’ ಎಂಬ ಮಾತನ್ನು ಜೆನಿಫರ್ ಆಡಿದ್ದು ಬಾಯಿಬಿಟ್ಟು, ಹೊರಗಿನವರೊಬ್ಬರ ಎದುರು, ಚಹಾದ ಮೇಜಿನಲ್ಲಿ. ಟ್ರೆಹಾರ್ನ್ ಕೋಣೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಓದುತ್ತಿದ್ದವರು ಆ ಹೊತ್ತಿಗೆ ಅಷ್ಟು ದೂರ ಬಂದಿದ್ದರು. ಮೌನ ಮುರಿಯಲು ಯಾರೂ ಸಾಯಬೇಕಾಗಿರಲಿಲ್ಲ, ಅದಾಗಲೇ ಮುರಿಯುತ್ತಿತ್ತು.

ಜೂನ್ ಮುಂದೆ ಪಶ್ಚಿಮ ವೇಲ್ಸ್‌ನಲ್ಲಿ ತಂದೆತಾಯಿಯ ಮನೆಗೆ ಹತ್ತಿರದಲ್ಲೇ ಸ್ವತಂತ್ರವಾಗಿ ಬದುಕತೊಡಗಿದರು. 2008ರ ಹೊತ್ತಿಗೆ ಮನೋವೈದ್ಯಕೀಯ ಇಲಾಖೆಯ ನಿಗಾ ಕೂಡ ಇರಲಿಲ್ಲ. ಹದಿಹರೆಯದಲ್ಲಿ ಭತ್ಯೆಯ ದುಡ್ಡಿನಿಂದ ಅಚ್ಚು ಹಾಕಿಸಿದ ಅವರ ಕಾದಂಬರಿಯನ್ನು ನಾಲ್ಕು ದಶಕಗಳ ನಂತರ ಪ್ರಕಾಶಕರು ತಾವೇ ಮುಂದೆ ಬಂದು ಮರುಮುದ್ರಿಸಿದ್ದಾರೆ.